ಅಂಗನವಾಡಿಗೆ ಟಿವಿ ಕೊಡೋ ಮುಂಚೆ ಮಾತಾಡ್ಸೋ ಜನ ಕೊಡಿ: ಸರ್ಕಾರಕ್ಕೊಂದು ಬಹಿರಂಗ ಪತ್ರ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಶಾಲಾ ಶಿಕ್ಷಣ ಸಚಿವರಿಗೆ, ಆರೋಗ್ಯ ಸಚಿವರಿಗೆ, ಮತ್ತೆ ಈ ಮೂರೂ ಇಲಾಖೆಯ ಅಧಿಕಾರಿಗಳಿಗೆ ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು, ಮನೇಲೇ ಬಟ್ಟೆ ಹೊಲಿದು ಕೊಡ್ತೀನಿ. ಮಗಳು ಸರ್ಕಾರಿ ಶಾಲೇಲಿ ನಾಲ್ಕನೇ ಕ್ಲಾಸು, ಮಗ ಅಂಗನವಾಡಿಗೆ ಹೋಗ್ತಾನೆ, ಆ ಅಂಗನವಾಡಿಯ ಬಾಲ ವಿಕಾಸ ಸಮಿತೀಲಿ ನಾನೂ ಇದ್ದೀನಿ. ಹೋದ ಮೀಟಿಂಗಲ್ಲಿ ಒಂದು ವಿಷಯ ಬಂತು, ನಮ್ಮೂರಿಂದ ಬೆಂಗಳೂರಿಗೆ ಹೋಗಿ ಚೆನ್ನಾಗಿ ದುಡೀತಿರೋ ಒಬ್ರು ಅಂಗನವಾಡಿಗೆ ದೊಡ್ಡ ಸ್ಮಾರ್ಟ್ ಟಿವಿ ಕೊಡ್ತೀನಿ ಅಂದಿದಾರೆ, ತಗೊಳ್ಳೋಣ್ವಾ ಬೇಡ್ವಾ ಅಂತ. ಹೆಚ್ಚು ಕಮ್ಮಿ ಎಲ್ರೂ ತಗೊಳ್ಳೋಣ ಅಂದ್ರು, ಪ್ರೈವೇಟ್ ನರ್ಸರೀಲೆಲ್ಲ ಇದೆ, ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಬೇಡ ಅಂದ್ರು. ಆ ಮಾತಲ್ಲಿ ನ್ಯಾಯ ಇದೆ, ಹಳ್ಳಿ ಮಕ್ಕಳಿಗೆ ಯಾವಾಗ್ಲೂ ಎಲ್ಲಾ ಕೊನೇಲಿ ಬರೋದು, ಅದು ನಂಗೂ ಗೊತ್ತು. ಆದ್ರೂ ನಾನು ಬೇಡ ಅಂದೆ, ಅದೇ ದುಡ್ಡಲ್ಲಿ ಮರದ ಆಟಿಕೆ, ಚಿತ್ರದ ಪುಸ್ತಕ, ಹೊರಗಡೆ ಒಂದು ಜೋಕಾಲಿ ಹಾಕಿಸಿಕೊಡಿ ಅಂತ ಕೇಳೋಣ ಅಂದೆ. ಯಾಕಮ್ಮ ಅಂತ ಕೇಳಿದ್ರು. ಎರಡು ಮಾತಲ್ಲಿ ಹೇಳೋ ವಿಷಯ ಅಲ್ಲ ಇದು, ಅದಕ್ಕೇ ಬರೀತಿದೀನಿ, ಅದೂ ನಿಮಗೇ ಬರೀತಿದೀನಿ, ಯಾಕಂದ್ರೆ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಇದಾವೆ, ಇವತ್ತು ನಮ್ಮೂರಲ್ಲಿ ಬಂದ ಪ್ರಶ್ನೆ ನಾಳೆ ಎಲ್ಲಾ ಕಡೆ ಬರತ್ತೆ, ಆವಾಗ ಏನು ಮಾಡ್ಬೇಕು ಅಂತ ಹೇಳೋರು ನೀವೇ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಮೊಬೈಲ್ ವಿರೋಧಿ ಅಲ್ಲ. ಹೊಸ ಡಿಸೈನ್ ಕಲಿಯೋದು ಫೋನಲ್ಲಿ, ಗಿರಾಕಿಗಳು ದುಡ್ಡು ಹಾಕೋದು ಫೋನಿಗೆ, ಕತ್ತರಿ ಎಷ್ಟು ಬೇಕೋ ಫೋನೂ ನಂಗೆ ಅಷ್ಟೇ ಬೇಕು. ನನ್ನ ಪ್ರಶ್ನೆ ಇರೋದು ಆರು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ, ಅದರಲ್ಲೂ ಮೊದಲ ಎರಡು ಮೂರು ವರ್ಷದ ವಿಷಯದಲ್ಲಿ.

ಮಗು ಮಾತು ಕಲಿಯೋದು ಹೇಗೆ ಅನ್ನೋದನ್ನ ವಿಜ್ಞಾನಿಗಳು ಚೆನ್ನಾಗಿ ನೋಡಿದಾರೆ. ಅಮೆರಿಕದಲ್ಲಿ ಪೆಟ್ರೀಷಿಯಾ ಕುಲ್ ಅನ್ನೋ ವಿಜ್ಞಾನಿ ಮತ್ತೆ ಅವರ ತಂಡ 2003ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟ ಮಾಡಿದ್ರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳು, ಚೀನೀ ಭಾಷೆ ಯಾವತ್ತೂ ಕೇಳಿಲ್ಲ. ಕೆಲವು ಕೂಸುಗಳ ಜೊತೆ ಚೀನೀ ಮಾತಾಡೋರೇ ಬಂದು ಎದುರಿಗೆ ಕೂತು ಆಟ ಆಡಿಸ್ತಾ ಪುಸ್ತಕ ಓದಿದ್ರು, ಇನ್ನು ಕೆಲವಕ್ಕೆ ಅದೇ ಜನ ಅದೇ ಮಾತನ್ನ ಆಡಿದ್ದನ್ನ ಟಿವೀಲಿ ತೋರಿಸಿದ್ರು. ಎದುರಿಗೆ ಮನುಷ್ಯರಿದ್ದ ಕೂಸುಗಳು ಆ ಭಾಷೆಯ ಸದ್ದುಗಳನ್ನ ಬೇರೆ ಬೇರೆ ಅಂತ ಗುರುತು ಹಿಡಿಯೋದು ಕಲಿತವು, ಟಿವಿ ನೋಡಿದ ಕೂಸುಗಳು ಏನೂ ಕಲೀಲಿಲ್ಲ. ಅದೇ ದನಿ, ಅದೇ ಮಾತು, ಆದ್ರೆ ಮನುಷ್ಯರಿಲ್ಲ, ಅಷ್ಟೇ ವ್ಯತ್ಯಾಸ. ಇದನ್ನ ಓದಿದಾಗ ನಂಗೆ ಆಶ್ಚರ್ಯ ಏನೂ ಆಗ್ಲಿಲ್ಲ, ನಮ್ಮ ಅತ್ತೆಯವರು ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುವಾಗ ಒಂದೇ ಸಮ ಮಾತಾಡ್ತಾನೇ ಇರೋರು, ಕೂಸು ಆ ಅಂದ್ರೆ ಇವರೂ ಆ ಅನ್ನೋರು, ಅದು ನಕ್ಕರೆ ಯಾಕೋ ಕಳ್ಳ ನಗ್ತೀಯ ಅನ್ನೋರು. ಟಿವಿ ಇದನ್ನ ಮಾಡಲ್ಲ. ಕೂಸು ಏನಂದ್ರೂ ಟಿವಿ ಪಾಡಿಗೆ ಟಿವಿ ಹಾಡ್ತಾ ಇರತ್ತೆ.

ಅಂದ್ರೆ ಫೋನಿಂದ ಬರೋ ಕಿರಣ, ಬೆಳಕು ಅಂತೆಲ್ಲ ಹೆದರಿಸ್ತಾರಲ್ಲ ಅದಕ್ಕಿಂತ ದೊಡ್ಡ ನಷ್ಟ ಇದು: ಫೋನ್ ಮುಂದೆ ಕಳೆದ ಗಂಟೆ ಅಂದ್ರೆ ಯಾರೂ ಮಾತಾಡ್ಸದೆ ಹೋದ ಗಂಟೆ. ಯಾರೂ ಅದನ್ನ ನಷ್ಟ ಅಂತ ಲೆಕ್ಕ ಹಾಕಲ್ಲ, ಯಾಕಂದ್ರೆ ಮಗು ಸುಮ್ಮನೆ ಕೂತಿದೆ, ಅಳ್ತಿಲ್ಲ, ಬೀಳ್ತಿಲ್ಲ.

ನಮ್ಮ ಸುತ್ತಮುತ್ತ ನೋಡಿದ್ದು ಹೇಳ್ತೀನಿ. ಎರಡೂವರೆ ವರ್ಷದ ಮಗು, ಇಂಗ್ಲಿಷಲ್ಲಿ ಬಣ್ಣದ ಹೆಸರೆಲ್ಲ ಹೇಳತ್ತೆ, ಒಂದರಿಂದ ಇಪ್ಪತ್ತರ ತನಕ ಒಂದೇ ಉಸಿರಲ್ಲಿ ಹೇಳತ್ತೆ, ಬಂದವರೆಲ್ಲ ಅಬ್ಬಾ ಏನು ಚುರುಕು ಅಂತಾರೆ. ಆದ್ರೆ ನೀರು ಬೇಕು ಅಂದ್ರೆ ಅಮ್ಮನ ಕೈ ಹಿಡಿದು ಎಳ್ಕೊಂಡು ಬಿಂದಿಗೆ ಹತ್ರ ಹೋಗತ್ತೆ, ನೀರು ಅನ್ನಲ್ಲ. ಹೆಸರು ಕೂಗಿದ್ರೆ ತಿರುಗಿ ನೋಡಲ್ಲ. ಅದು ಹೇಳ್ತಿದ್ದಿದ್ದು ಬರೀ ಕೇಳಿದ್ದರ ಪುನರಾವರ್ತನೆ, ಮಾತು ಅಂದ್ರೆ ಇನ್ನೊಬ್ಬರಿಗೆ ಹೇಳೋದು ಅನ್ನೋದು ಅದಕ್ಕೆ ಇನ್ನೂ ಗೊತ್ತಾಗಿಲ್ಲ. ಇಂಥಾ ಮಕ್ಕಳಿಗೆಲ್ಲ ಫೋನಿಂದಾನೇ ಆಯ್ತು ಅಂತ ನಾನು ಹೇಳಲ್ಲ, ಹಾಗೆ ಹೇಳೋದು ತಪ್ಪು, ಕಿವಿ ಸರಿಯಾಗಿ ಕೇಳದೆ ಇದ್ರೂ ಮಾತು ತಡ ಆಗತ್ತೆ, ಆಟಿಸಂ ಇದ್ರೂ ತಡ ಆಗತ್ತೆ, ಆಟಿಸಂ ಫೋನಿಂದ ಬರೋ ಕಾಯಿಲೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆದ್ರೆ ಅಲ್ಲೇ ಇನ್ನೊಂದು ಅಪಾಯ ಇದೆ, ಫೋನ್ ನೋಡಿ ನೋಡಿ ಹಿಂಗಾಗಿದೆ ಬಿಡಿ, ಶಾಲೆಗೆ ಹೋದ್ರೆ ಸರಿ ಹೋಗತ್ತೆ ಅಂತ ಮನೆಯವರು ಸುಮ್ಮನಾಗ್ತಾರೆ, ಕಿವಿ ಪರೀಕ್ಷೆ ಮಾಡಿಸೋ ಕಾಲ ದಾಟಿ ಹೋಗತ್ತೆ. ಎರಡು ವರ್ಷ ತುಂಬಿದ್ರೂ ಅಮ್ಮ ಬಾ, ಹಾಲು ಬೇಕು ಅಂತ ಎರಡು ಪದ ಜೋಡಿಸಿ ಹೇಳದೆ ಇದ್ರೆ ತೋರಿಸ್ಬೇಕು, ಇದು ಪ್ರತಿಯೊಬ್ಬ ತಾಯಿಗೂ ಗೊತ್ತಿರ್ಬೇಕಾದ ವಿಷಯ. ಮೈಸೂರಿನ ಮಾನಸಗಂಗೋತ್ರೀಲಿ ವಾಕ್ ಶ್ರವಣ ಸಂಸ್ಥೆ ಇದೆ, ದೇಶದಲ್ಲೇ ಹೆಸರುವಾಸಿ, ನಮ್ಮ ಜಿಲ್ಲೆಯಿಂದ ದೂರವೂ ಅಲ್ಲ, ಅಲ್ಲಿ ಚಿಕ್ಕ ಮಕ್ಕಳ ಕಿವಿ ಮಾತು ಎಲ್ಲಾ ನೋಡ್ತಾರೆ ಅನ್ನೋದೇ ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಎಷ್ಟು ಹೊತ್ತು ತೋರಿಸಬಹುದು ಅನ್ನೋದಕ್ಕೆ ಲೆಕ್ಕ ಇಲ್ಲ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಒಂದು ವರ್ಷದ ಒಳಗೆ ಸ್ಕ್ರೀನ್ ಬೇಡವೇ ಬೇಡ, ಒಂದು ತುಂಬಿದ ಮಕ್ಕಳಿಗೂ ಬೇಡ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಮ್ಮಿ ಆದಷ್ಟೂ ಒಳ್ಳೇದು. ಅದೇ ಕಾಗದದಲ್ಲಿ ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಮೂರು ಗಂಟೆ ಓಡಾಡ್ಬೇಕು, 10ರಿಂದ 13 ಗಂಟೆ ನಿದ್ದೆ ಮಾಡ್ಬೇಕು ಅಂತಾನೂ ಇದೆ, ಆದ್ರೆ ಸ್ಕ್ರೀನ್ ಮಾತು ಮಾತ್ರ ಸುದ್ದಿ ಆಗತ್ತೆ, ಓಡಾಟ ನಿದ್ದೆ ಯಾರೂ ಹೇಳಲ್ಲ. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಎರಡು ವರ್ಷದ ಒಳಗೆ ಬೇಡ, ಎರಡರಿಂದ ಐದರ ತನಕ ಒಂದು ಗಂಟೆ, ಅದೂ ದೊಡ್ಡವರು ಪಕ್ಕದಲ್ಲಿದ್ದು ಅಂತ ಹೇಳಿದೆ. ಎಲ್ಲಾ ಇದೆ, ಇಂಗ್ಲಿಷಲ್ಲಿ ಇದೆ, ವೆಬ್‌ಸೈಟಲ್ಲಿ ಇದೆ. ಗರ್ಭಿಣಿಯರಿಗೆ ಸರ್ಕಾರ ಕೊಡೋ ತಾಯಿ ಕಾರ್ಡಲ್ಲಿ ಇದು ಎದ್ದು ಕಾಣೋ ಹಾಗೆ ಇರ್ಬೇಕಾಗಿತ್ತು.

ಆರೋಗ್ಯ ಸಚಿವರೇ, ಇಲ್ಲಿ ನಿಮಗೆ ಒಂದು ಕೆಲಸ ಇದೆ, ಖರ್ಚು ತುಂಬಾ ಕಮ್ಮಿ. ಪ್ರತಿ ಮಗುವೂ ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ರುಬೆಲ್ಲಾ ಚುಚ್ಚುಮದ್ದಿಗೆ ಬರತ್ತೆ, ಆಮೇಲೆ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ಒಳಗೆ ಇನ್ನೊಂದು ಸಲ ಬರತ್ತೆ. ಮಾತು ಶುರು ಆಗೋ ಕಾಲ, ಮನೇಲಿ ಫೋನ್ ಕೈಗೆ ಸಿಗೋ ಕಾಲ, ಎರಡೂ ಅದೇ. ಚುಚ್ಚುಮದ್ದು ಹಾಕಿಸಿದ ಮೇಲೆ ಮಗೂಗೆ ಏನಾದ್ರೂ ಆಗತ್ತಾ ಅಂತ ನೋಡೋಕೆ ಅರ್ಧ ಗಂಟೆ ಅಲ್ಲೇ ಕೂರಿಸ್ತಾರಲ್ಲ, ಆ ಅರ್ಧ ಗಂಟೇಲಿ ಆಶಾ ಅಕ್ಕ ಎರಡು ವಿಷಯ ಹೇಳಿದ್ರೆ ಸಾಕು: ಎರಡು ವರ್ಷದ ತನಕ ಫೋನ್ ಬೇಡ, ಇಷ್ಟು ತಿಂಗಳಿಗೆ ಇಷ್ಟು ಮಾತು ಬರದೆ ಇದ್ರೆ ಇಲ್ಲಿಗೆ ಬಾ. ಮಕ್ಕಳ ಆರೋಗ್ಯ ತಪಾಸಣೆಗೆ ಅಂತಾನೇ ಇರೋ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆ ತಂಡದವರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನ ನೋಡ್ಬೇಕು ಅಂತ ನಿಯಮ ಇದೆ, ಹುಟ್ಟಿನಿಂದ ಬಂದ ತೊಂದರೆ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆ ತಡ ಆಗೋದು ಈ ನಾಲ್ಕೂ ಅವರ ಪಟ್ಟೀಲಿದೆ. ಮಾತು ತಡ ಆಗಿರೋ ಮಗೂನ ಅವರೂ ಕೂತು ಸರಿಯಾಗಿ ನೋಡ್ಲಿ, ಬರೀ ತೂಕ ಎತ್ತರ ಬರ್ಕೊಂಡು ಹೋಗೋದು ಬೇಡ.

ಇಷ್ಟೆಲ್ಲಾ ಹೇಳಿದ ಮೇಲೆ ತಾಯಂದಿರನ್ನ ಬಯ್ಯೋಕೆ ಶುರು ಮಾಡ್ತಾರೆ, ಈಗಿನ ಹುಡುಗೀರು ಫೋನ್ ಕೊಟ್ಟು ಆರಾಮಾಗಿ ಕೂರ್ತಾರೆ ಅಂತ. ದಯವಿಟ್ಟು ಇದನ್ನ ನಿಲ್ಸಿ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ತಿಂಡಿ ಮಾಡಿ, ಗಾರ್ಮೆಂಟ್ಸ್ ಬಸ್ಸಿಗೆ ಓಡೋ ಹೆಣ್ಣುಮಗಳು ಎರಡು ವರ್ಷದ ಮಗೂಗೆ ಕೂತು ತುತ್ತು ತಿನ್ನಿಸೋಕೆ ಮುಕ್ಕಾಲು ಗಂಟೆ ಎಲ್ಲಿಂದ ತರ್ತಾಳೆ? ಫೋನ್ ಹಚ್ಚಿ ಎದುರಿಗೆ ಇಟ್ರೆ ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ಅದು ಆ ಮಗು ಹೊಟ್ಟೆ ತುಂಬಿದ್ದು ಗೊತ್ತಾಗದೆ ತಿನ್ನೋದು, ಒಳ್ಳೇದಲ್ಲ, ಅವಳಿಗೂ ಗೊತ್ತು. ಗೊತ್ತಿದ್ದೂ ಕೊಡ್ತಾಳೆ, ಯಾಕಂದ್ರೆ ಮನೇಲಿ ಅಜ್ಜಿ ಇಲ್ಲ, ಇದ್ರೂ ಅವರೂ ಕೂಲಿಗೆ ಹೋಗಿರ್ತಾರೆ, ಗಂಡ ಇನ್ನೊಂದು ಊರಲ್ಲಿ. ಫೋನ್ ಕೊಡ್ಬೇಡಮ್ಮ ಅಂತ ಹೇಳೋದು ಸುಲಭ, ಹಾಗಾದ್ರೆ ಕೂಸನ್ನ ಯಾರ ಕೈಗೆ ಕೊಡ್ಲಿ ಅಂತ ಅವಳು ಕೇಳಿದ್ರೆ ಉತ್ತರ ಬೇಕಲ್ವಾ.

ಉತ್ತರ ನಿಮ್ಮ ಹತ್ರಾನೇ ಅರ್ಧ ಇದೆ. 2023ರಲ್ಲಿ ಸರ್ಕಾರ ಕೂಸಿನ ಮನೆ ಅಂತ ತಂತು, ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಲ್ಲಿ ಕೆಲಸಕ್ಕೆ ಹೋಗೋ ತಾಯಂದಿರ ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ. ನನ್ನ ಲೆಕ್ಕದಲ್ಲಿ ಮಕ್ಕಳ ಕೈಯಿಂದ ಫೋನ್ ಬಿಡಿಸೋ ದೊಡ್ಡ ಯೋಜನೆ ಇದೇ, ಅದರ ಹೆಸರಲ್ಲಿ ಫೋನ್ ಅನ್ನೋ ಪದವೇ ಇಲ್ಲದೆ ಇದ್ರೂ. ಕೂಸಿಗೆ ಆರೇಳು ಗಂಟೆ ಮಾತಾಡ್ಸೋರು, ಎತ್ತಿಕೊಳ್ಳೋರು, ಜೊತೆಗೆ ಇನ್ನೊಂದಷ್ಟು ಮಕ್ಕಳು, ಇದಕ್ಕಿಂತ ಏನು ಬೇಕು. ಇನ್ನು ಗಾರ್ಮೆಂಟ್ಸ್ ವಿಷಯ, ಹಳೇ ಫ್ಯಾಕ್ಟರಿ ಕಾನೂನಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡೋ ಕಡೆ ಶಿಶುಪಾಲನಾ ಕೊಠಡಿ ಇರ್ಬೇಕು ಅಂತ ಯಾವ ಕಾಲದಿಂದಲೋ ಇತ್ತು, 2017ರ ಹೆರಿಗೆ ಸೌಲಭ್ಯ ತಿದ್ದುಪಡೀಲಿ ಐವತ್ತು ಜನ ಇರೋ ಎಲ್ಲಾ ಸಂಸ್ಥೆಗೂ ಅದನ್ನ ಹೇಳಿದ್ರು. ಕಾನೂನು ಪುಸ್ತಕದಲ್ಲಿ ಇರೋ ಆ ಕೊಠಡಿ ನಿಜವಾಗ್ಲೂ ನಡೀತಿದೆಯಾ, ಅಲ್ಲಿ ಮಕ್ಕಳಿದಾವಾ ಇಲ್ಲಾ ರಟ್ಟಿನ ಡಬ್ಬ ತುಂಬಿದಾರಾ ಅಂತ ಹೋಗಿ ನೋಡೋರು ಬೇಕು.

ಈಗ ಲಾಭದ ಮಾತು. ಇದನ್ನ ಸಣ್ಣದು ಮಾಡಿ ಹೇಳಲ್ಲ ನಾನು. ನನ್ನ ತಂಗಿ ಮಸ್ಕತ್ತಲ್ಲಿದಾಳೆ, ಅವಳ ಮಗೂಗೆ ನಮ್ಮ ಅಮ್ಮ ಯಾರು ಅಂತ ಗೊತ್ತಾಗಿದ್ದೇ ವಿಡಿಯೋ ಕಾಲಲ್ಲಿ, ಅಜ್ಜಿ ಕಂಡ ತಕ್ಷಣ ಕೈ ಚಾಚತ್ತೆ. ಡಾಕ್ಟರುಗಳ ಸಂಘದವರೂ ಎರಡು ವರ್ಷದ ಒಳಗಿನ ಮಕ್ಕಳಿಗೆ ನೆಂಟರ ಜೊತೆ ವಿಡಿಯೋ ಕಾಲ್ ಪರವಾಗಿಲ್ಲ ಅಂತಾನೇ ಹೇಳಿದಾರೆ, ಯಾಕಂದ್ರೆ ಅಲ್ಲಿ ಆ ಕಡೆ ಮನುಷ್ಯರಿದಾರೆ, ಮಗು ನಕ್ಕರೆ ಅವರೂ ನಗ್ತಾರೆ. ಮಾತೇ ಬಾರದ ಮಕ್ಕಳು ಟ್ಯಾಬಲ್ಲಿ ಚಿತ್ರ ಮುಟ್ಟಿ ಹಸಿವು, ನೋವು, ಹೊರಗೆ ಹೋಗ್ಬೇಕು ಅಂತ ಹೇಳೋ ಹಾಗಿರೋ ಆಪ್‌ಗಳು ಬಂದಿದಾವೆ, ಕಣ್ಣು ಕಾಣದ ಮಕ್ಕಳಿಗೆ ಫೋನೇ ಕನ್ನಡದಲ್ಲಿ ಓದಿ ಹೇಳತ್ತೆ, ಅಂಥಾ ಮನೇಲಿ ಹೋಗಿ ಸ್ಕ್ರೀನ್ ಕೆಟ್ಟದ್ದು ಅಂದ್ರೆ ಅದು ಕ್ರೌರ್ಯ. ಆ ಮಕ್ಕಳಿಗೆ ಎಷ್ಟು ಬೇಗ ಕೊಟ್ರೆ ಅಷ್ಟು ಒಳ್ಳೇದು, ಅದಕ್ಕೆ ಸರ್ಕಾರವೇ ದುಡ್ಡು ಕೊಡ್ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ವೆಬ್‌ಸೈಟ್ ಶುರು ಮಾಡಿದ್ರು, ಅದರಲ್ಲಿ ಕನ್ನಡದ ಚಿತ್ರಕಥೆಗಳು ಫ್ರೀ ಆಗಿ ಸಿಗ್ತವೆ, ಪುಸ್ತಕದಂಗಡಿ ಅನ್ನೋದೇ ಇಲ್ಲದ ನಮ್ಮಂಥಾ ಊರಲ್ಲಿ ರಾತ್ರಿ ಮಗಳನ್ನ ಪಕ್ಕ ಕೂರಿಸ್ಕೊಂಡು ಒಂದು ಕಥೆ ಓದೋಕೆ ಫೋನ್ ಬಿಟ್ರೆ ಬೇರೆ ದಾರಿ ಇರ್ಲಿಲ್ಲ. ಇಷ್ಟನ್ನೂ ಸೇರಿಸಿ ನೋಡಿದ್ರೆ ಒಂದು ವಿಷಯ ಕಾಣತ್ತೆ, ಎಲ್ಲೆಲ್ಲಿ ಚಿಕ್ಕ ಮಕ್ಕಳಿಗೆ ಫೋನಿಂದ ಒಳ್ಳೇದಾಗಿದೆಯೋ ಅಲ್ಲೆಲ್ಲಾ ಅದು ಇನ್ನೊಬ್ಬ ಮನುಷ್ಯರ ಹತ್ರ ಮಗೂನ ಸೇರಿಸಿದೆ.

2020ರಲ್ಲಿ ಏನಾಯ್ತು ಅಂತ ನೆನಪಿದೆಯಲ್ಲ. ಕೊರೊನಾ ಟೈಮು, ಪ್ರೈವೇಟ್ ಶಾಲೆಗಳು ಎಲ್‌ಕೆಜಿ ಮಕ್ಕಳಿಗೂ ಲ್ಯಾಪ್‌ಟಾಪ್ ಮುಂದೆ ಕೂರ್ಸಿ ಕ್ಲಾಸ್ ಮಾಡ್ತಿದ್ವು. ಜೂನಲ್ಲಿ ಸರ್ಕಾರ ಐದನೇ ಕ್ಲಾಸ್ ತನಕ ಆನ್‌ಲೈನ್ ಕ್ಲಾಸ್ ಬೇಡ ಅಂತು, ಏಳರ ತನಕ ಅಂತಾನೂ ಹೇಳ್ತು, ಪ್ರೊ. ಎಂ.ಕೆ. ಶ್ರೀಧರ್ ಅವರ ಸಮಿತಿ ಮಾಡ್ತು. ಪೋಷಕರು ಕೋರ್ಟಿಗೆ ಹೋದ್ರು, ಜುಲೈ 8ಕ್ಕೆ ಹೈಕೋರ್ಟು ಆ ಆದೇಶಗಳಿಗೆ ತಡೆ ಕೊಡ್ತು, ಮಕ್ಕಳ ಶಿಕ್ಷಣದ ಹಕ್ಕಿಗೆ ಅಡ್ಡಿ ಆಗತ್ತೆ ಅಂತ. ನಾನು ಯೋಚನೆ ಮಾಡಿದ್ದು ಏನಂದ್ರೆ ಅವತ್ತು ಎರಡೂ ಕಡೆಯವರು ಹೇಳಿದ್ದರಲ್ಲಿ ಸತ್ಯ ಇತ್ತು, ನಾಲ್ಕು ವರ್ಷದ ಮಗೂನ ಸ್ಕ್ರೀನ್ ಮುಂದೆ ಕೂರ್ಸೋದು ತಪ್ಪು, ಹತ್ತು ವರ್ಷದ ಮಗೂಗೆ ಏನೂ ಸಿಗದ ಹಾಗೆ ಮಾಡೋದೂ ತಪ್ಪು, ಆದ್ರೆ ಆದೇಶ ಇಬ್ರನ್ನೂ ಒಂದೇ ಸಾಲಲ್ಲಿ ನಿಲ್ಸಿತ್ತು. ಇವತ್ತಿಗೂ ನಮ್ಮ ಜಗಳ ಹಂಗೇ ನಡೀತಿದೆ, ಮಕ್ಕಳು ಅಂದ್ರೆ ಎಲ್ಲಾ ಒಂದೇ ಅನ್ನೋ ಹಾಗೆ. ಅದೇ ವರ್ಷ ಆಗಸ್ಟಲ್ಲಿ ವಿದ್ಯಾಗಮ ಶುರು ಆಯ್ತು, ಮೇಷ್ಟ್ರು ಮೇಡಂಗಳು ಊರೊಳಗೇ ಬಂದು ದೇವಸ್ಥಾನದ ಜಗಲಿ, ಮರದ ಕೆಳಗೆ ಮಕ್ಕಳನ್ನ ಕೂರಿಸ್ಕೊಂಡು ಪಾಠ ಮಾಡಿದ್ರು, ಸೋಂಕು ಹರಡಿತು ಅಂತ ಅಕ್ಟೋಬರಲ್ಲಿ ನಿಲ್ಸಿದ್ರು. ಅದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಫೋನ್ ಇಲ್ಲದ ಮನೆ ಮಕ್ಕಳಿಗೆ ಏನು ಅನ್ನೋ ಪ್ರಶ್ನೆಗೆ ಮನುಷ್ಯರನ್ನ ಕಳ್ಸಿ ಉತ್ತರ ಕೊಟ್ಟ ರಾಜ್ಯ ನಮ್ಮದು. ಮರುವರ್ಷ ಸುಳ್ಯ ಕಡೆ ಮಳೇಲಿ ರಸ್ತೆ ಪಕ್ಕ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ದ ಎಸ್ಸೆಸ್ಸೆಲ್ಸಿ ಹುಡುಗಿಗೆ ಅವರಪ್ಪ ಕೊಡೆ ಹಿಡ್ಕೊಂಡು ನಿಂತಿದ್ದ ಫೋಟೋ ಎಲ್ರೂ ನೋಡಿದ್ವಿ. ಆ ವಯಸ್ಸಿನ ಮಕ್ಕಳಿಗೆ ನೆಟ್‌ವರ್ಕ್ ಬೇಕು, ಖಂಡಿತಾ ಬೇಕು, ಸರ್ಕಾರ ಅಂಗನವಾಡಿ ಟಿವಿಗೆ ಅಂತ ದುಡ್ಡು ಇಡೋದಾದ್ರೆ ಅದು ಅಲ್ಲಿಗೆ ಹೋಗ್ಲಿ.

ಅಂಗನವಾಡಿ ಒಳಗೆ ಟೆಕ್ನಾಲಜಿ ಆಗ್ಲೇ ಬಂದಾಗಿದೆ, ಮಕ್ಕಳ ಕೈಗಲ್ಲ, ಟೀಚರ್ ಕೈಗೆ. 2021ರಿಂದ ಕೇಂದ್ರದ ಪೋಷಣ್ ಟ್ರ್ಯಾಕರ್ ಆಪಲ್ಲಿ ಎಲ್ಲಾ ತುಂಬ್ಬೇಕು, ಅಂಗನವಾಡಿ ಬಾಗಿಲು ತೆಗೆದಿದ್ದು, ಹಾಜರಿ, ತೂಕ, ಎತ್ತರ, ಮನೆಗೆ ಕೊಡೋ ಆಹಾರ. 2025ರಿಂದ ಆಹಾರ ತಗೊಳ್ಳೋರ ಮುಖ ಫೋಟೋ ಹಿಡಿದು ಹೊಂದಿಸೋದೂ ಸೇರ್ತು. ಇದರಿಂದ ಉಪಯೋಗ ಇಲ್ಲ ಅಂತಲ್ಲ, ಯಾವ ಮಗು ತೂಕ ಇಳೀತಿದೆ ಅನ್ನೋದು ಬೇಗ ಗೊತ್ತಾಗತ್ತೆ, ವಲಸೆ ಹೋದ ಮನೆ ಮಗು ಇನ್ನೊಂದು ಊರಲ್ಲಿ ಸಿಗತ್ತೆ, ಆಹಾರ ಸೋರಿ ಹೋಗೋದು ಕಮ್ಮಿ ಆಗಬಹುದು. ಆದ್ರೆ ಇದನ್ನೆಲ್ಲಾ ಮಾಡೋ ಹೊತ್ತು ಯಾವ ಹೊತ್ತಿಂದ ಬರತ್ತೆ? ಮಕ್ಕಳ ಹೊತ್ತಿಂದಾನೇ. ಸರ್ವರ್ ಸುತ್ತುತಾ ಇದ್ರೆ ಒಂದು ಕೈಯಲ್ಲಿ ಫೋನ್ ಎತ್ತಿ ಹಿಡ್ಕೊಂಡು ನಿಲ್ಲೋ ಟೀಚರ್ ಕಥೆ ಹೇಳೋದು ಯಾವಾಗ, ಹಾಡು ಹೇಳಿಸೋದು ಯಾವಾಗ. ಅಂಗನವಾಡಿ ನೌಕರರ ಸಂಘಟನೆಗಳು ಇದನ್ನ ಬೀದೀಲಿ ನಿಂತು ಹೇಳಿದಾವೆ, ಅದು ಅವರ ಕೆಲಸದ ಕಷ್ಟದ ಮಾತು ಅಂತ ಕೇಳಿಸ್ಕೊಂಡ್ರಿ, ನಾನು ತಾಯಿ ಆಗಿ ಹೇಳ್ತೀನಿ ಅದು ನಮ್ಮ ಮಕ್ಕಳ ಕಷ್ಟದ ಮಾತು ಕೂಡ. ಅಂಗನವಾಡಿ ನಡೆಸೋ ಯೋಜನೆ ಐಸಿಡಿಎಸ್ 1975ರಲ್ಲಿ ದೇಶದ 33 ಬ್ಲಾಕಲ್ಲಿ ಶುರು ಆದಾಗ ನಮ್ಮ ಟಿ. ನರಸೀಪುರ ಅದರಲ್ಲೊಂದು. ಇಷ್ಟು ವರ್ಷದಲ್ಲಿ ಈ ವ್ಯವಸ್ಥೆ ಮಕ್ಕಳಿಗೆ ಊಟದ ಜೊತೆ ಕೊಟ್ಟ ದೊಡ್ಡ ವಸ್ತು ಅಂದ್ರೆ ಮನೆ ಬಾಗಿಲಲ್ಲೇ ಸಿಗೋ ಒಬ್ರು ಟೀಚರ್. ಅವರ ಗಮನವನ್ನ ಆಪಿಗೆ ಕೊಟ್ಟು, ಮಕ್ಕಳ ಗಮನವನ್ನ ಟಿವಿಗೆ ಕೊಟ್ರೆ ಒಂದೇ ರೂಮಲ್ಲಿ ಕೂತ ಇಬ್ರೂ ಮಾತಾಡೋದೇ ಇಲ್ಲ. ಡೇಟಾ ತುಂಬೋಕೆ ಮಕ್ಕಳು ಮನೆಗೆ ಹೋದ ಮೇಲಿನ ಟೈಮು ಕೊಡಿ, ಇಲ್ಲಾ ಪಂಚಾಯ್ತಿಯಿಂದ ವಾರಕ್ಕೆ ಎರಡು ದಿನ ಬೇರೆಯವರನ್ನ ಕಳ್ಸಿ. ಕೇಂದ್ರದ ಆಪು ನಮ್ಮ ಕೈಲಿಲ್ಲ ಅಂತ ಹೇಳ್ಬೇಡಿ, ಟೀಚರ್ ದಿನ ಹೇಗಿರ್ಬೇಕು ಅನ್ನೋದು ನಿಮ್ಮ ಕೈಲಿದೆ.

ಇನ್ನೊಂದು ವಿಷಯ ಕಾನೂನಿಂದು. 2023ರಲ್ಲಿ ಬಂದ ಡೇಟಾ ರಕ್ಷಣೆ ಕಾಯ್ದೇಲಿ ಹದಿನೆಂಟರ ಒಳಗಿನ ಮಕ್ಕಳ ಮಾಹಿತಿ ತಗೊಳ್ಳೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅವರು ಏನು ನೋಡ್ತಾರೆ ಅಂತ ಹಿಂಬಾಲಿಸಬಾರದು, ಅವರಿಗೆ ಗುರಿ ಇಟ್ಟು ಜಾಹೀರಾತು ತೋರಿಸಬಾರದು ಅಂತ ಬರ್ದಿದಾರೆ. ಚೆನ್ನಾಗಿದೆ. ಆದ್ರೆ ನಮ್ಮ ಮನೆಗಳಲ್ಲಿ ಎರಡು ವರ್ಷದ ಮಗು ನೋಡೋದು ಅಮ್ಮನ ಫೋನಲ್ಲಿ, ಅಮ್ಮನ ಅಕೌಂಟಲ್ಲಿ. ಕಂಪನಿ ಲೆಕ್ಕದಲ್ಲಿ ಆ ಬೊಂಬೆ ವಿಡಿಯೋ ನೋಡ್ತಿರೋದು ಮೂವತ್ತು ವರ್ಷದ ಹೆಂಗಸು. ಹಂಗಾಗಿ ಒಂದು ಮುಗಿದ ತಕ್ಷಣ ಇನ್ನೊಂದು ತಾನಾಗೇ ಬರತ್ತೆ, ಬೊಂಬೆ ವಿಡಿಯೋ ಹೋಗಿ ರೀಲ್ಸ್ ಬರತ್ತೆ, ಮಧ್ಯೆ ಆನ್‌ಲೈನ್ ಜೂಜಿನ ಥರದ್ದೂ ಬರತ್ತೆ. ಅಮೆರಿಕದಲ್ಲಿ 2019ರಲ್ಲಿ ಮಕ್ಕಳ ಮಾಹಿತಿ ಒಪ್ಪಿಗೆ ಇಲ್ಲದೆ ತಗೊಂಡ್ರು ಅನ್ನೋ ಆರೋಪದಲ್ಲಿ ಗೂಗಲ್ ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟೋಕೆ ಒಪ್ಕೊಂಡ್ವು, ಅಷ್ಟು ದೊಡ್ಡ ದೇಶದ ಮಕ್ಕಳಿಗೇ ಹಂಗಾದ್ರೆ ನಮ್ಮ ಮಕ್ಕಳ ಕಡೆ ಕೇಳೋರು ಯಾರು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರಿಂದ ಹದಿನಾರು ವರ್ಷದ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಅಕೌಂಟ್ ಇಲ್ಲ ಅಂತ ಮಾಡಿದಾರೆ, ಅದು ದೊಡ್ಡ ಮಕ್ಕಳ ವಿಷಯ, ಆಗ್ಲಿ, ಆದ್ರೆ ಅಕೌಂಟೇ ಇಲ್ಲದ ಕೂಸುಗಳಿಗೆ ಅಂಥಾ ಕಾನೂನಿಂದ ಏನೂ ಸಿಗಲ್ಲ. ನೀವು ಏನಾದ್ರೂ ಮಾಡೋದಿದ್ರೆ ತಾನಾಗೇ ಮುಂದಕ್ಕೆ ಓಡೋದನ್ನ ಹೇಗೆ ನಿಲ್ಸೋದು, ಟೈಮ್ ಲಾಕ್ ಹೇಗೆ ಹಾಕೋದು ಅಂತ ಪಂಚಾಯ್ತೀಲಿ ಒಂದು ಸಂಜೆ ತಾಯಂದಿರನ್ನ ಕೂರಿಸಿ ಅವರ ಫೋನಲ್ಲೇ ಮಾಡಿಸಿಕೊಡಿ. ಸ್ತ್ರೀಶಕ್ತಿ ಸಂಘಗಳಿದಾವೆ, ಜನ ಸೇರಿಸೋದು ಕಷ್ಟ ಅಲ್ಲ.

ಶಿಕ್ಷಣ ಸಚಿವರಿಗೆ ಈ ಮಾತು. ದೊಡ್ಡ ಮಕ್ಕಳಿಗೆ ಟೆಕ್ನಾಲಜಿ ಬೇಕು ಅಂದೆ, ಆದ್ರೆ ಕೈಗೆ ಫೋನ್ ಸಿಕ್ಕಿದ ಮಾತ್ರಕ್ಕೆ ಕಲಿತಾರೆ ಅಂತಲ್ಲ. ಹಳ್ಳಿ ಮಕ್ಕಳ ಓದಿನ ಬಗ್ಗೆ ಸಮೀಕ್ಷೆ ಮಾಡೋ ಅಸರ್‌ನ 2024ರ ವರದಿ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನ ಕೇಳ್ತು, ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರತ್ತೆ, ಹಿಂದಿನ ವಾರದಲ್ಲಿ ಓದಿನ ಕೆಲಸಕ್ಕೆ ಬಳಸಿದ್ದು ಶೇ. 57, ಸೋಷಿಯಲ್ ಮೀಡಿಯಾಗೆ ಬಳಸಿದ್ದು ಶೇ. 76. ಬೇಗ ಫೋನ್ ಕೊಟ್ರೆ ಬೇಗ ಜಾಣರಾಗ್ತಾರೆ ಅನ್ನೋ ನಂಬಿಕೆ ಇದೆಯಲ್ಲ, ಅದನ್ನ ಈ ಲೆಕ್ಕ ಒಪ್ಪಲ್ಲ. ಸ್ವಲ್ಪ ದಿನದಲ್ಲಿ ಕಲಿಯೋ ಕೆಲಸ ಅದು, ನಾನೇ ಮದುವೆ ಆದ ಮೇಲೆ ಕಲಿತಿದ್ದು, ಆರಾಮಾಗಿ ಬಳಸ್ತೀನಿ. ಮಾತು ಹಂಗಲ್ಲ, ಅದರ ಕಾಲ ದಾಟಿದ್ರೆ ಕಷ್ಟ. ಸ್ವೀಡನ್ ಅಂಥಾ ಶ್ರೀಮಂತ ದೇಶ ಪ್ರೀ ಸ್ಕೂಲಿಗೂ ಡಿಜಿಟಲ್ ಸಾಧನ ಕಡ್ಡಾಯ ಮಾಡಿತ್ತು, 2023ರಲ್ಲಿ ಅದನ್ನ ಕೈಬಿಡ್ತೀವಿ ಅಂತು, ಅಚ್ಚಾದ ಪುಸ್ತಕಕ್ಕೆ ದುಡ್ಡು ಇಡ್ತು. ನಮಗೆ ಅಲ್ಲಿ ತನಕ ಹೋಗೋದೂ ಬೇಡ, 1995ರಲ್ಲಿ ಎಚ್.ಡಿ. ಕೋಟೇಲಿ ಶುರು ಆದ ನಲಿಕಲಿ ಇದೆ, ಕಾರ್ಡು, ಗುಂಪು, ಹಾಡು, ನೆಲದ ಮೇಲೆ ಕೂತು ಕಲಿಯೋದು, ನಮ್ಮ ಮಗಳು ಓದೋದು ಕಲಿತಿದ್ದು ಹಂಗೇ. ಒಂದರಿಂದ ಮೂರನೇ ಕ್ಲಾಸ್ ತನಕ ಆ ಸಾಮಗ್ರಿ ಪೂರ್ತಿ ಕೊಡಿ, ಒಂದೇ ಟೀಚರ್ ಮೇಲೆ ಎಲ್ಲಾ ಹಾಕ್ಬೇಡಿ. ನಾಲ್ಕು ಐದರಿಂದ ಸರಿಯಾದ ಕಂಪ್ಯೂಟರ್ ಕೊಡಿ, ಕನ್ನಡದಲ್ಲಿ ಟೈಪ್ ಮಾಡೋದು, ಹುಡುಕೋದು, ಸುಳ್ಳು ಸುದ್ದಿ ಗುರುತಿಸೋದು ಕಲಿಸಿ. ಗ್ರಾಮ ಪಂಚಾಯ್ತಿ ಲೈಬ್ರರಿಗಳು ಅರಿವು ಕೇಂದ್ರ ಆಗಿದಾವೆ, 2020ರ ಮಕ್ಕಳ ದಿನಾಚರಣೆಗೆ ಓದುವ ಬೆಳಕು ಅನ್ನೋ ಕಾರ್ಯಕ್ರಮ ಶುರು ಮಾಡಿ ಮಕ್ಕಳನ್ನ ಅಲ್ಲಿಗೆ ಕರೆದ್ರು, ಅಲ್ಲಿ ಕಂಪ್ಯೂಟರೂ ಇದೆ ಪುಸ್ತಕಾನೂ ಇದೆ ನೋಡ್ಕೊಳ್ಳೋರೂ ಇದಾರೆ. ಎಂಟು ಹತ್ತು ವರ್ಷದ ಮಗು ಟೆಕ್ನಾಲಜಿ ಕಲಿಯೋಕೆ ಮಂಚದ ಮೇಲೆ ಒಬ್ಬೊಬ್ಬರೇ ಫೋನ್ ಹಿಡಿಯೋದಕ್ಕಿಂತ ಅದು ಎಷ್ಟೋ ಒಳ್ಳೇ ಜಾಗ.

ಕಣ್ಣಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ದೂರದ್ದು ಕಾಣದ ತೊಂದರೆ ಮಕ್ಕಳಲ್ಲಿ ಹೆಚ್ಚಾಗ್ತಿದೆ, ಹತ್ತಿರದ್ದೇ ನೋಡೋದು ಒಂದು ಕಾರಣ, ಹೊರಗಿನ ಬೆಳಕಿಗೆ ಬರದೆ ಇರೋದು ಇನ್ನೊಂದು. ತೈವಾನಲ್ಲಿ 2010ರಿಂದ ಶಾಲೆ ಮಕ್ಕಳನ್ನ ದಿನಕ್ಕೆ ಎರಡು ಗಂಟೆ ಹೊರಗೆ ಕಳಿಸೋ ಕಾರ್ಯಕ್ರಮ ಮಾಡಿದ್ರು. ಬಾಡಿಗೆ ರೂಮಲ್ಲಿ ಅಂಗಳ ಇಲ್ಲದೆ ನಡೆಯೋ ಅಂಗನವಾಡಿಗಳು ಎಷ್ಟೋ ಇದಾವೆ, ಜೋಕಾಲಿ ಕೇಳಿದ್ದು ಸುಮ್ಮನೆ ಅಲ್ಲ.

ದೊಡ್ಡ ಮಕ್ಕಳು ಫೋನ್ ಬಿಡೋಕೇ ಆಗದ ಹಂತಕ್ಕೆ ಹೋದ್ರೆ ಬೆಂಗಳೂರಿನ ನಿಮ್ಹಾನ್ಸಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ದೇಶದಲ್ಲೇ ಇಂಥದ್ದು ಮೊದಲನೇದು. ಆದ್ರೆ ಹಾಸನದಿಂದ, ಬೀದರಿಂದ, ಕೊಪ್ಪಳದಿಂದ ಎಲ್ರೂ ಬೆಂಗಳೂರಿಗೆ ಬರೋಕಾಗಲ್ಲ. ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗದವರಿಗೆ ಅಲ್ಲಿಂದ ತರಬೇತಿ ಕೊಡಿಸಿ.

ಕೊನೇದಾಗಿ ದುಡ್ಡಿನ ಮಾತು, ಯಾಕಂದ್ರೆ ನೀವು ಕೇಳೋದೂ ಅದನ್ನೇ. ತಾಯಿ ಕಾರ್ಡಲ್ಲಿ ಒಂದು ಪುಟ ಸೇರಿಸೋಕೆ ಅಚ್ಚಿನ ಖರ್ಚು ಅಷ್ಟೇ, ಮುಂದಿನ ಮುದ್ರಣಕ್ಕೆ ಹೋಗೋ ಮುಂಚೆ ಕನ್ನಡದಲ್ಲಿ, ಚಿತ್ರದ ಜೊತೆ ಸೇರಿಸಿ. ದಾನಿಗಳು ಕೊಡೋ ಟಿವಿ ವಿಷಯದಲ್ಲಿ ಬಾಲ ವಿಕಾಸ ಸಮಿತಿಗಳಿಗೆ ಒಂದು ಸ್ಪಷ್ಟ ಸುತ್ತೋಲೆ ಕಳ್ಸಿ, ಮೂರರಿಂದ ಆರರ ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು, ಯಾರು ಜೊತೆ ಕೂರ್ಬೇಕು, ಕನ್ನಡದ್ದು ಏನು ತೋರಿಸ್ಬೇಕು ಅಂತ, ಇಲ್ಲಾಂದ್ರೆ ಒಂದೊಂದು ಊರಲ್ಲಿ ಒಂದೊಂದು ಥರ ಆಗತ್ತೆ. ದುಡ್ಡು ನಿಜವಾಗ್ಲೂ ಬೇಕಾಗೋದು ಕೂಸಿನ ಮನೆಗೆ. ಅದು ಉದ್ಯೋಗ ಖಾತ್ರಿ ಕೂಲಿಗೆ ಹೋಗೋ ತಾಯಂದಿರಿಗೆ ಮಾತ್ರ ಅಂತ ಆಗೋದು ಬೇಡ, ಗಾರ್ಮೆಂಟ್ಸ್‌ಗೆ, ಎಸ್ಟೇಟಿಗೆ, ಅಂಗಡಿಗೆ ಹೋಗೋರ ಮಕ್ಕಳನ್ನೂ ಸೇರಿಸ್ಕೊಳ್ಳಿ, ಬಾಗಿಲು ಹಾಕೋ ಟೈಮು ಬಸ್ಸು ವಾಪಸ್ ಬರೋ ಟೈಮಿಗೆ ಹೊಂದಲಿ, ನೋಡ್ಕೊಳ್ಳೋರು ಪದೇ ಪದೇ ಬದಲಾಗದ ಹಾಗೆ ಅವರಿಗೆ ಗಟ್ಟಿ ಸಂಬಳ ಕೊಡಿ, ಕೂಸಿಗೆ ಒಂದೇ ಮುಖ ಬೇಕು. ಮುಂದಿನ ಬಜೆಟ್ ತಯಾರಿ ಮಾಡುವಾಗ ಸ್ಮಾರ್ಟ್ ಕ್ಲಾಸಿಗೆ ಎಷ್ಟು ಅಂತ ಬರೆಯೋ ಮುಂಚೆ ಅವರ ಸಂಬಳಕ್ಕೆ ಎಷ್ಟು ಅಂತ ಬರೀರಿ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ತಾಯಿ, ಬಾಲ ವಿಕಾಸ ಸಮಿತಿ ಸದಸ್ಯೆ